ಮುಚ್ಚಳ ನೋಡುವ ಪ್ರೋಗ್ರಾಂ

ಸೈಕಲ್ ಅಂಗಡಿಯ ಮಹಡಿಯ ಮೇಲೆ ಮನೆಯವರೇ ಸೇರಿ ನಡೆಸುವ ಕಸೂತಿ ಅಂಗಡಿ. ಅಲ್ಲಿ ಹಿರಿಯ ಸೊಸೆಯನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಬಟ್ಟೆಯಿರಲಿ, ಮಾತಿರಲಿ, ಬೇಡದ್ದನ್ನು ಅವಳು ಉಳಿಸಿದವಳಲ್ಲ. ಕಸೂತಿ ಯಂತ್ರ ನಡೆಸುವ ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟಾಗ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಕತ್ತರಿಸಿ ಕತ್ತರಿಸಿ ಅಂಗೈಯಗಲದ ಒಂದು ಫ್ಲಾಪಿಯೊಳಗೆ ಕೂರಿಸಿದವಳೂ ಅವಳೇ. ಸದ್ದು ಮಾಡಿಸುವ ಡ್ರೈವರ್ ಹೋಯಿತು, ನೆಟ್‌ವರ್ಕ್ ಹೋಯಿತು, ಮೌಸ್ ಹೋಯಿತು. ಉಳಿದದ್ದು ಲಿನಕ್ಸಿನ ತಿರುಳಾದ ಕರ್ನಲ್, ಹೊಲಿಗೆಯ ಪ್ರೋಗ್ರಾಂ, ಮತ್ತು ಸೂಜಿ ಇಳಿಯುವ ಮೊದಲು ಪ್ರತಿ ಸಲವೂ ಅದರ ಮುಂದಿನ ಗಾಜಿನ ಮುಚ್ಚಳ ಹಾಕಿದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಂ ಒಂದು. ಆಮೇಲೆ ಎಳ್ಳು ಹಾಕಲೂ ಜಾಗವಿರಲಿಲ್ಲ.

ಆ ದಿನ ಅವಳು ನೂಲು ಕೊಂಡು ಮರಳಿದಾಗ ಓರಗಿತ್ತಿ ಸ್ಟೂಲಿನ ಮೇಲೆ ಕೂತು, ಚಿಂದಿ ಸುತ್ತಿದ ತೋರುಬೆರಳನ್ನು ಬಿಗಿಯಾಗಿ ಹಿಡಿದಿದ್ದಳು. ಕಡಿದ ನೂಲು ಪೋಣಿಸಲು ಮುಚ್ಚಳ ತೆಗೆದಿದ್ದಳಂತೆ. ಓರಗಿತ್ತಿಯ ಗಂಡ, ಕತ್ತರಿಯ ಮೈದುನ, ಇತ್ತ ನೋಡದೆ ಬಟನ್ ಒತ್ತಿದ್ದ. ಸೂಜಿ ಉಗುರಿನ ಅಂಚು ಸೀಳಿತ್ತು. ಪರದೆಯ ಮೇಲೆ ಮಾತ್ರ ಅಂಗಡಿಯ ಹೆಸರು ಬಣ್ಣದ ಹೂಬಳ್ಳಿಯ ನಡುವೆ ಮೆರೆಯುತ್ತಿತ್ತು.

ಕತ್ತರಿಗೆ ಎಲ್ಲವೂ ಅರ್ಥವಾಯಿತು. ಮೈಯೆಲ್ಲ ಉರಿದುಹೋಯಿತು.

"ಈ ಚಿತ್ರಕ್ಕೆ ಜಾಗ ಎಲ್ಲಿಂದ ಬಂತೋ?"

"ಗಿರಾಕಿಗಳು ನೋಡ್ಲಿ ಅಂತ ಹಾಕ್ದೆ ಅತ್ತಿಗೆ," ಎಂದ ಮೈದುನ. "ಆ ಮುಚ್ಚಳದ ಪ್ರೋಗ್ರಾಂ ದಿನಾ 'ಹಾಕಿದೆ, ಹಾಕಿದೆ' ಅಂತ ಒಂದೇ ರಾಗ. ಯಾವತ್ತೂ ಬೇರೆ ಮಾತೇ ಆಡಿರ್ಲಿಲ್ಲ. ಅದಕ್ಕೇ ತೆಗೆದೆ. ಅದನ್ನ ಓಡಿಸು ಅಂತ ಯಂತ್ರಕ್ಕೆ ಹೇಳೋ ಸಾಲನ್ನೂ ಅಳಿಸ್ದೆ."

"ಕಳ್ಳ ಬರ್ಲಿಲ್ಲ ಅಂತ ಬಾಗಿಲು ಕಿತ್ತಿಟ್ಟೆ, ಅಲ್ವಾ? ಮೂಗಿಗಿಂತ ಮೂಗುತಿ ಭಾರ ನಿಂಗೆ!"

"ಸಣ್ಣ ಗಾಯ ಅತ್ತಿಗೆ. ಇಷ್ಟಕ್ಕೆಲ್ಲ ಕೂಗಾಡಿದ್ರೆ..."

"ಸಣ್ಣದಾ? ಸರಿ. ನಿನ್ನ ಫ್ಲಾಪಿ ಒಳಗೇ ಇದೆ, ಮುಚ್ಚಳನೂ ತೆಗೆದಿದೆ. ಬೆರಳಿಡು. ನಾನು ಬಟನ್ ಒತ್ತುತ್ತೀನಿ."

ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ.

"ಯಾಕೆ? ಹೆಂಡ್ತಿ ಬೆರಳು ಬಿಟ್ಟಿ ಬಂದಿತ್ತಾ?"

ಅವಳು ಆ ಫ್ಲಾಪಿಯನ್ನು ಕಿತ್ತು ಮೂಲೆಗೆಸೆದಳು. ಗುಂಡಿ ತುಂಬಿಡುವ ಡಬ್ಬಿಯಿಂದ ತನ್ನ ಹಳೆಯ ಪ್ರತಿಯನ್ನು ತೆಗೆದು, ಯಾರೂ ಏನೂ ಬರೆಯಲಾಗದಂತೆ ಅದರ ಮೂಲೆಯ ಚಿಲಕ ಸರಿಸಿ, ಕಂಪ್ಯೂಟರಿಗೆ ಹಾಕಿ ಅದನ್ನು ಮತ್ತೆ ಚಾಲೂ ಮಾಡಿದಳು. ಸಿಟ್ಟಿನಲ್ಲೂ ಪರೀಕ್ಷೆ ಬಿಡುವವಳಲ್ಲ. ಮುಚ್ಚಳ ತೆರೆದೇ ಇಟ್ಟು, ಸೂಜಿಯ ಕೆಳಗೆ ಪೆನ್ಸಿಲ್ ಇಟ್ಟು ಬಟನ್ ಒತ್ತಿದಳು. ಸೂಜಿ ಕದಲಲಿಲ್ಲ. ಕಪ್ಪು ಪರದೆಯ ಮೇಲೆ ಒಂದೇ ಸಾಲು: ಮುಚ್ಚಳ ತೆಗೆದಿದೆ.

"ನೋಡ್ರೀ," ಎಂದಳು ಓರಗಿತ್ತಿ, ನೋವಿನಲ್ಲೂ ಕೊಂಕಾಗಿ, "ಇವತ್ತು ಬೇರೆ ರಾಗ ಹಾಡ್ತು."

ಮೈದುನ ನಗಲು ಹೋದ. ಕತ್ತರಿಯ ಮುಖ ನೋಡಿ ನಗು ನುಂಗಿಕೊಂಡ. ಅವಳ ಸಿಟ್ಟು ಇನ್ನೂ ಒಂದಿಷ್ಟೂ ಇಳಿದಿರಲಿಲ್ಲ. ಸ್ಟೂಲನ್ನು ಕಾಲಿನಿಂದಲೇ ಬಟನ್ ಇದ್ದ ಕಡೆಗೆ ತಳ್ಳಿ ಓರಗಿತ್ತಿಯನ್ನು ಅಲ್ಲಿ ಕೂರಿಸಿದಳು. ನೂಲಿನ ಉಂಡೆಯನ್ನು ಮೈದುನನ ಎದೆಗೆ ಒತ್ತಿದಳು.

"ಇನ್ಮೇಲೆ ಬಟನ್ ಅವಳದು. ನೂಲು ಪೋಣಿಸೋನು ನೀನು."