ಗಲ್ಲಾದ ಮುಂದೆ ಆರಿಸಿದ ತೋಟೆ

ಅರವತ್ತು ದಾಟಿದ ಮೇಲೆ ನನ್ನ ಗಂಡನಿಗೆ ಬೇಟೆಯ ಹುಚ್ಚು ಹಿಡಿಯಿತು. ನಮ್ಮ ದೇಶದಲ್ಲಿ ಬೇಟೆಯಾಡಿದರೆ ಜೈಲು. ಹಾಗಾಗಿ ಕಿರ್ಗಿಸ್ತಾನಕ್ಕೆ ಹೋಗಿ, ಪರ್ಮಿಟ್ ಪಡೆದು, ಅಲ್ಲಿನ ಬೆಟ್ಟಗಳಲ್ಲಿ ಐಬೆಕ್ಸ್ ಎನ್ನುವ ದೊಡ್ಡ ಕೋಡಿನ ಕಾಡುಮೇಕೆ ಹೊಡೆಯುವುದೆಂದು ನಿಶ್ಚಯವಾಯಿತು. ಹುಚ್ಚು ಹಿಡಿಸಿದ್ದು ಇವರ ಸ್ನೇಹಿತ, ಬಾಂದ್ರಾದಲ್ಲಿ ಬಾರ್ ನಡೆಸುವ ಉಡುಪಿ ಕಡೆಯ ಮನುಷ್ಯ. ಆ ಮನುಷ್ಯನನ್ನು ಕಂಡರೆ ನನಗಾಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೋವಿಯನ್ನು ಅಲ್ಲಿಯವರೇ ಬಾಡಿಗೆಗೆ ಕೊಡುತ್ತಾರೆ. ಯಾವ ತೋಟೆಯ ಕೋವಿ ಬೇಕೆಂದು ನಾವು ಮೊದಲೇ ತಿಳಿಸಬೇಕು. ತರ್ಟಿ-ನಾಟ್-ಸಿಕ್ಸ್ ಎನ್ನುವುದೊಂದಿದೆ, ಅದರ ಒದೆತ ಹದವಾಗಿರುತ್ತದೆ. ತ್ರೀ ಹಂಡ್ರೆಡ್ ಮ್ಯಾಗ್ನಮ್ ಎನ್ನುವುದು ಇನ್ನೊಂದು. ಅದರಲ್ಲಿ ಮದ್ದು ಹೆಚ್ಚು, ಭುಜಕ್ಕೆ ಒದೆಯುವುದೂ ಹೆಚ್ಚು. ಬೇರೆಯವರಾಗಿದ್ದರೆ ಯಾವುದಾದರೂ ತೆಗೆದುಕೊಳ್ಳಲಿ ಎಂದು ಸುಮ್ಮನಿರುತ್ತಿದ್ದೆ. ಆದರೆ ಹೋದ ವರ್ಷ ಇವರ ಬಲಗಣ್ಣಿನ ಪರದೆ ಹರಿದು ಆಪರೇಷನ್ ಆಗಿತ್ತು. ತಲೆಗೆ ಪೆಟ್ಟು ಬೀಳಬಾರದು, ಇನ್ನೊಮ್ಮೆ ಹರಿದರೆ ಆ ಕಣ್ಣಿನ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ಆ ಡಾಕ್ಟರಿಗೆ ಇವರು, ಬೆಟ್ಟಕ್ಕೆ ಫೋಟೋ ತೆಗೆಯಲು ಹೋಗುತ್ತೇನೆ ಎಂದು ಸುಳ್ಳು ಹೇಳಿ ಬಂದರು. ಸ್ನೇಹಿತನ ಹತ್ತಿರ ಕಣ್ಣಿನ ವಿಷಯವನ್ನೇ ಎತ್ತಿರಲಿಲ್ಲ.

ಇವರದು ಫೋರ್ಟ್ ಏರಿಯಾದಲ್ಲಿ ಹೋಟೆಲು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಗಲ್ಲಾದ ಮುಂದೆ ಪಂಚಾಯ್ತಿ ಸೇರುತ್ತದೆ. ಬ್ಯಾಂಕಿನವರು, ಕೋರ್ಟಿನ ಗುಮಾಸ್ತರು, ಅರ್ಧ ಲೋಟದ ಒಂದು ಕಟಿಂಗ್ ಚಹಾದಲ್ಲಿ ಅರ್ಧ ದಿನ ಕಳೆಯುವವರು. ಇವರು ಏನೇ ಮಾಡುವುದಿದ್ದರೂ ಗಲ್ಲಾದಲ್ಲಿ ಕೂತು ಅವರನ್ನು ಕೇಳಿಯೇ ಮಾಡುವುದು. ಮಗಳ ಕಾಲೇಜು, ಮನೆಯ ಟೈಲ್ಸು, ಕಡೆಗೆ ನನ್ನ ಗರ್ಭಕೋಶ ತೆಗೆಸಬೇಕೋ ಬೇಡವೋ ಎನ್ನುವುದೂ ಅಲ್ಲೇ ತೀರ್ಮಾನವಾದದ್ದು. ಆ ಅವಮಾನವನ್ನು ನಾನು ಇಂದಿಗೂ ಮರೆತಿಲ್ಲ.

ಒಂದು ಸಂಜೆ ದಾದರ್‌ನ ಮನೆಗೆ ಬಂದವರೇ ಚಪ್ಪಲಿ ಬಿಡುತ್ತಾ ಹೇಳಿದರು.

"ತೋಟೆದು ಡಿಸೈಡ್ ಆಯ್ತು. ಮ್ಯಾಗ್ನಮ್. ಎಲ್ಲರೂ ಅದನ್ನೇ ಹೇಳಿದ್ರು."

"ಎಲ್ಲರೂ ಅಂದ್ರೆ ಯಾರು? ಇಡ್ಲಿ ತಿನ್ನೋಕೆ ಬರೋರಾ?"

"ನಿನಗೆ ಎಂಥ ಗೊತ್ತುಂಟು ಮಾರಾಯ್ತಿ. ಬೆಟ್ಟದಲ್ಲಿ ದೂರ ಉಂಟು, ಗಾಳಿ ಉಂಟು. ಸಣ್ಣ ತೋಟೆದು ಗುಂಡು ಅಲ್ಲಿಗೆ ಮುಟ್ಟುವಾಗ ಅದರಲ್ಲಿ ಜೀವವೇ ಇರೋದಿಲ್ಲ."

ನನಗೆ ಎಂಥ ಗೊತ್ತುಂಟು. ನಾನು ಕೊಡಗಿನವಳು. ಮನೆಯವರನ್ನು ಎದುರು ಹಾಕಿಕೊಂಡು ಈ ಮನುಷ್ಯನನ್ನು ಕಟ್ಟಿಕೊಂಡವಳು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು ಹಾರಿಸುತ್ತಾರೆ, ಮನೆಯಲ್ಲಿ ಸಾವಾದರೆ ಎರಡು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ನಮ್ಮಪ್ಪ ನನ್ನ ಕೈಯಲ್ಲೂ ಹೊಡೆಸಿದ್ದಾರೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮನುಷ್ಯ ಒಂದು ದಿನ, ನಿನಗೆ ಕೋವಿ ಹಿಡಿದು ಗೊತ್ತಾ ಎಂದು ಕೇಳಿದವರಲ್ಲ. ಹಿತ್ತಲ ಗಿಡ ಮದ್ದಲ್ಲ.

ಸಿಟ್ಟು ನುಂಗಿಕೊಂಡು ಬಿಡಿಸಿ ಹೇಳಿದೆ. ದೂರದ ಮಾತು ಸುಳ್ಳಲ್ಲ, ಮ್ಯಾಗ್ನಮ್‌ನ ಗುಂಡು ಹೆಚ್ಚು ನೇರವಾಗಿ ಹೋಗುತ್ತದೆ. ಆದರೆ ಒದೆತಕ್ಕೆ ಹೆದರಿದವನು ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಭುಜ ಅಲುಗಿಸುತ್ತಾನೆ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತದೆ. ಆ ಮೂಕಪ್ರಾಣಿ ಕರುಳು ಎಳೆದುಕೊಂಡು ಬಂಡೆಯ ಸಂದಿಗೆ ಹೋಗಿ ನರಳಿ ಸಾಯುತ್ತದೆ. ಸಣ್ಣದನ್ನೇ ತೆಗೆದುಕೊಂಡು, ಇನ್ನಷ್ಟು ತೆವಳಿ ಹತ್ತಿರ ಹೋಗಿ ಹೊಡೆಯಿರಿ, ನಿಮ್ಮ ಕಣ್ಣೂ ಉಳಿಯುತ್ತದೆ ಎಂದೆ. ಇವರು ಟಿವಿಯ ಸದ್ದು ಜಾಸ್ತಿ ಮಾಡಿದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ಭಾನುವಾರ ಸ್ನೇಹಿತ ಉಪನಗರದ ರೈಫಲ್ ಕ್ಲಬ್ಬಿಗೆ ಕರೆದ. ಇವರು ಮೆಂಬರ್ ಆಗುವಾಗ ಫ್ಯಾಮಿಲಿ ಲೆಕ್ಕದಲ್ಲಿ ನನ್ನ ಹೆಸರನ್ನೂ ಸೇರಿಸಿದ್ದರು. ಕಾರು ಓಡಿಸುವವಳೂ ನಾನೇ, ಹೋದೆ. ಸ್ನೇಹಿತ ತನ್ನ ಎರಡೂ ಕೋವಿ ತಂದಿದ್ದ, ತರ್ಟಿ-ನಾಟ್-ಸಿಕ್ಸ್ ಒಂದು, ಮ್ಯಾಗ್ನಮ್ ಒಂದು. ಇನ್ನು ಸುಮ್ಮನಿರಬಾರದು ಎಂದು ನಾನು ಅವನೆದುರಿಗೇ ಹೇಳಿದೆ. "ಇವರ ಬಲಗಣ್ಣು ಆಪರೇಷನ್ ಆಗಿದೆ. ದೊಡ್ಡದು ಕೊಡಬೇಡಿ."

ಇವರ ಮುಖ ಕಪ್ಪಾಯಿತು. ಸ್ನೇಹಿತ ನಕ್ಕ.

"ಹೌದಾ? ಹಾಗಾದ್ರೆ ಸಣ್ಣದೇ ಹಿಡೀರಿ ಮಾರಾಯ್ರೆ. ಅದು ಲೇಡೀಸೂ ಹೊಡೀಬಹುದು. ಬನ್ನಿ ಅತ್ತಿಗೆ, ನೀವೇ ಒಂದು ಟ್ರೈ ಮಾಡಿ."

ನನ್ನ ಮೈ ಉರಿದುಹೋಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಹಿಂದೆ ಕೂತೆ. ಉಸಿರು ಅರ್ಧ ಬಿಟ್ಟು ಹಿಡಿದು ಮೂರು ಈಡು ಹೊಡೆದೆ. ಮೂರೂ ಅಂಗೈ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು. ಕ್ಲಬ್ಬಿನ ಕೋಚ್ ದುರ್ಬೀನು ಹಿಡಿದು ನೋಡಿ, "ಶಾಬ್ಬಾಸ್ ಭಾಭೀಜಿ" ಎಂದ. ನನಗೆ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ನಾನು ಏಳುವುದರೊಳಗೆ ಇವರು ಪಕ್ಕದ ಮೇಜಿನಲ್ಲಿ ಮ್ಯಾಗ್ನಮ್ ಹಿಡಿದು ಕೂತಾಗಿತ್ತು. ರೀ, ಬೇಡ ಎಂದೆ. ತಿರುಗಿಯೂ ನೋಡಲಿಲ್ಲ. ಆ ಕಣ್ಣಿಗೆ ಗುರಿಹಲಗೆ ಸರಿಯಾಗಿ ಕಾಣುತ್ತಿರಲಿಲ್ಲವೆಂದು ಕಾಣುತ್ತದೆ, ಮುಖವನ್ನು ಕೋವಿಯ ಮೇಲಿನ ದುರ್ಬೀನಿಗೆ ಇನ್ನಷ್ಟು ಹತ್ತಿರ ತಂದರು. ಹಿಂದೆ ಸರಿಯಿರಿ ಎಂದು ಕೋಚ್ ಹೇಳುತ್ತಿದ್ದಂತೆಯೇ ಈಡು ಹಾರಿತು. ಕೋವಿ ಹಿಂದಕ್ಕೆ ಒದ್ದು, ದುರ್ಬೀನಿನ ಉಂಗುರ ಬಲಹುಬ್ಬಿಗೆ ಬಡಿಯಿತು. ರಕ್ತ ಮೂಗಿನ ಪಕ್ಕದಿಂದ ಶರ್ಟಿನ ಮೇಲೆ ಇಳಿಯಿತು. ಗುರಿಹಲಗೆಯಲ್ಲಿ ಅವರ ಗುಂಡಿನ ಗುರುತೇ ಇರಲಿಲ್ಲ.

ಹುಬ್ಬು ಕೊಯ್ದುಕೊಂಡಿದೆ ಅಷ್ಟೇ, ಎಲ್ಲ ಬೇಟೆಗಾರರಿಗೂ ಒಂದು ಸಲ ಆಗ್ತದೆ ಎಂದು ಸ್ನೇಹಿತ ಐಸ್ ತಂದುಕೊಟ್ಟ. ಇವರನ್ನು ಕಾರಿನಲ್ಲಿ ಕೂರಿಸಿ ಹೊರಟೆ. ನೇರ ಆಸ್ಪತ್ರೆಗೆ ಹೋಗೋಣ ಎಂದರೆ, "ಕಣ್ಣಿಗೆ ಎಂಥದೂ ಆಗಲಿಲ್ಲ, ಮನೆಗೆ ನಡೆ" ಎಂದರು. ದಾರಿಯುದ್ದಕ್ಕೂ ಬೈದೆ. ಗಲ್ಲಾದವರನ್ನು ಬೈದೆ, ಸ್ನೇಹಿತನನ್ನು ಬೈದೆ, ಇವರನ್ನು ಕಟ್ಟಿಕೊಂಡ ನನ್ನ ಹಣೆಬರಹವನ್ನೂ ಬೈದೆ. ಇವರು ಟವೆಲಿನಲ್ಲಿ ಐಸ್ ಒತ್ತಿಕೊಂಡು ಕೂತಿದ್ದರು.

ಬಾಂದ್ರಾ ಬಳಿ ಸಿಗ್ನಲ್ ಬಿತ್ತು. ಕಾರು ನಿಲ್ಲಿಸಿದೆ. ಪಕ್ಕದಲ್ಲಿ ಇವರು ಟವೆಲು ತೆಗೆದು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಗಾಜಿನ ಆಚೆ ನೋಡುತ್ತಿದ್ದರು. ತುಂಬ ಹೊತ್ತು ನೋಡಿದರು.

"ಸಿಗ್ನಲ್ ಯಾವುದುಂಟು?" ಎಂದು ಕೇಳಿದರು.

"ಕೆಂಪು."

ಮತ್ತೆ ನೋಡಿದರು. ಅಷ್ಟರಲ್ಲಿ ಹಸಿರು ಬಿತ್ತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಇವರ ಅಂಗೈ ಎಡಗಣ್ಣಿನ ಮೇಲೇ ಇತ್ತು.

"ಈಗ?" ಎಂದರು.

ಮನೆಯ ದಾರಿ ಬಿಟ್ಟು ಕಣ್ಣಿನ ಆಸ್ಪತ್ರೆಯ ಕಡೆಗೆ ಗಾಡಿ ತಿರುಗಿಸಿದೆ. ಈ ಸಲ ಅವರು ಬೇಡ ಎನ್ನಲಿಲ್ಲ.