ಬದಿಯಡ್ಕದ ಆನಿ ಮತ್ತು ಬಹರೈನಿನ ಪಿನ್‌ಬಾಲ್

ಬದಿಯಡ್ಕ ಪೇಟೆಯಲ್ಲಿ ಟಿ.ವಿ. ಕೆಟ್ಟವರೆಲ್ಲ ಆನಿ ಕ್ರಾಸ್ತಾಳ ಅಂಗಡಿಗೆ ಬರುತ್ತಿದ್ದರು. ಬಂದವರಲ್ಲಿ ಅರ್ಧ ಜನ ಅವಳನ್ನು ಎದುರಿಗೇ ಕಂಡೂ, ರಿಪೇರಿಯವರು ಎಲ್ಲಿಗೆ ಹೋಗಿದ್ದಾರೆ ಎಂದು ವಿಚಾರಿಸುತ್ತಿದ್ದರು. ಆನಿ ಕೈಯಲ್ಲಿದ್ದ ಸೋಲ್ಡರಿಂಗ್ ಐರನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, “ನಾನೇ, ಹೇಳಿ” ಎನ್ನುತ್ತಿದ್ದಳು. ಆ ಮಾತಿನಲ್ಲಿ ಸಿಟ್ಟಾಗಲಿ ಬೇಸರವಾಗಲಿ ಇರುತ್ತಿರಲಿಲ್ಲ.

ಅವಳ ಅಪ್ಪ ಸಾಲ್ವದೊರ್ ಬೇಳದವರು, ರೇಡಿಯೋ ರಿಪೇರಿಯ ಕಾಲದಿಂದ ಅದೇ ಅಂಗಡಿಕೋಣೆಯಲ್ಲಿ ಕೂತವರು. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಮನೆಯಲ್ಲಿದ್ದ ಗಡಿಯಾರ, ಟಾರ್ಚು ಎಲ್ಲವನ್ನೂ ಬಿಚ್ಚಿಡುವುದನ್ನು ನೋಡಿ, ಬಿಚ್ಚುವುದಾದರೆ ಅಂಗಡಿಗೆ ಬಂದು ಬಿಚ್ಚು ಎಂದು ಕರೆತಂದಿದ್ದರು. ಸುಟ್ಟ ಬಿಡಿಭಾಗವನ್ನು ಬದಲಿಸುವುದು ಯಾರಿಗೂ ಬರುತ್ತದೆ, ಅದು ಯಾಕೆ ಸುಟ್ಟಿತು ಎಂದು ತಿಳಿಯದೆ ಹೊಸದನ್ನು ಹಾಕಬಾರದು ಎನ್ನುವುದು ಅವರ ಹಟ. ಅವರು ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತದೆ ಎಂದೇ ಪೇಟೆಯವರು ತಿಳಿದಿದ್ದರು. ಹದಿನೈದನೇ ದಿನ ಆನಿ ಬಾಗಿಲು ತೆರೆದು ಕೂತಳು. ಆಮೇಲೆ ಹತ್ತು ವರ್ಷ ಅಲ್ಲಿಂದ ಏಳಲಿಲ್ಲ.

೨೦೦೯ರ ಏಪ್ರಿಲಿನಲ್ಲಿ ಅವಳ ಗಂಡ ಮೆಲ್ವಿನ್ ತನ್ನ ಜೀಪಿನಲ್ಲಿ ವಿಚಿತ್ರವಾದ ಸಾಮಾನೊಂದನ್ನು ತಂದು ಅಂಗಡಿಯೆದುರು ಇಳಿಸಿದ. ಮೆಲ್ವಿನ್ ಬದಿಯಡ್ಕದಿಂದ ಕುಂಬ್ಡಾಜೆಗೆ ಜನ ಸಾಗಿಸುವವನು. ಈ ಸಾಮಾನಿಗಾಗಿ ಅಂದು ಎರಡು ಟ್ರಿಪ್ಪು ಬಿಟ್ಟಿದ್ದ. ಆಳೆತ್ತರದ ಬೆನ್ನುಹಲಗೆ, ಅದರ ಮುಂದೆ ಗಾಜು ಮುಚ್ಚಿದ ಓರೆ ಮೇಜು, ಗಾಜಿನೊಳಗೆ ದೀಪ, ಗಂಟೆ, ರಬ್ಬರಿನ ಕಂಬಗಳು. ಉಕ್ಕಿನ ಗುಂಡನ್ನು ಚಿಮ್ಮಿಸಿ, ಎರಡು ಬದಿಯ ಗುಂಡಿ ಒತ್ತಿ, ಫ್ಲಿಪ್ಪರ್ ಎಂಬ ಪುಟ್ಟ ತೋಳುಗಳಿಂದ ಅದನ್ನು ಕೆಳಗೆ ಬೀಳದಂತೆ ಹೊಡೆಯುತ್ತ ಆಡುವ ಪಿನ್‌ಬಾಲ್ ಯಂತ್ರ ಅದು.

ಜೊತೆಯಲ್ಲಿ ಅದರ ಯಜಮಾನ ಗುಣಪಾಲನೂ ಬಂದಿದ್ದ. ಬಹರೈನಿನಲ್ಲಿ ಹಡಗಿನ ಕೆಲಸಗಾರರ ಕ್ಲಬ್ಬೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಕ್ಲಬ್ಬು ಮುಚ್ಚುವಾಗ, ಇಷ್ಟು ಕಾಲ ಒರೆಸಿ ಜೋಪಾನ ಮಾಡಿದವನಿಗೇ ಇರಲಿ ಎಂದು ಅಲ್ಲಿನವರು ಯಂತ್ರವನ್ನು ಇವನಿಗೆ ಕೊಟ್ಟಿದ್ದರು. ಊರಿಗೆ ಬಂದು ನಾಯ್ಮಾರ್ಮೂಲೆಯಲ್ಲಿ ಕೂಲ್ ಬಾರ್ ತೆರೆದ ಗುಣಪಾಲ, ಜ್ಯೂಸು ಕುಡಿಯಲು ಬಂದವರು ಆಡಲಿ ಎಂದು ಅದನ್ನು ಮೂಲೆಯಲ್ಲಿ ನಿಲ್ಲಿಸಿದ. ಎರಡು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ, ಚಾಲೂ ಮಾಡಿ ಅರ್ಧ ಗಂಟೆಯಾಗುವಷ್ಟರಲ್ಲಿ ಬೆನ್ನುಹಲಗೆಯೊಳಗಿನ ಪವರ್ ಸಪ್ಲೈ ಬೋರ್ಡು ಕಾದು ಸುಟ್ಟ ವಾಸನೆ ಬರತೊಡಗಿತು. ಮಂಗಳೂರಿನಿಂದ ಬಂದು ನೋಡಿದವರೊಬ್ಬರು, ಬೋರ್ಡು ಸತ್ತಿದೆ, ಇಂಥದ್ದು ಇನ್ನು ಎಲ್ಲೂ ಸಿಗುವುದಿಲ್ಲ, ಮರ ಮಾತ್ರ ಉಪಯೋಗಕ್ಕೆ ಬಂದೀತು ಎಂದು ಹೇಳಿ ಹೋಗಿದ್ದರಂತೆ.

ಆನಿ ಬೆನ್ನುಹಲಗೆ ತೆರೆದಳು. ಬೋರ್ಡಿನ ಒಂದು ಮೂಲೆ ಕಾದು ಕಾದು ಕಂದಿತ್ತು. ವಯರು ಸಿಕ್ಕಿಸುವ ಕನೆಕ್ಟರು ಸುಟ್ಟ ದೋಸೆಯ ಬಣ್ಣಕ್ಕೆ ತಿರುಗಿತ್ತು. ಆದರೂ ಅಳೆದು ನೋಡಿದರೆ ಯಾವ ಭಾಗವೂ ಸತ್ತಿರಲಿಲ್ಲ. ಅವಳು ಕನೆಕ್ಟರನ್ನು ಬದಲಿಸಿ, ಬಿರುಕು ಬಿಟ್ಟ ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿ, ಉಬ್ಬಿದ್ದ ದೊಡ್ಡ ಕೆಪಾಸಿಟರ್ ತೆಗೆದು ಬೇರೆ ಕೂರಿಸಿದಳು. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಓಡಿಸಿ, ಬೋರ್ಡಿನ ಬಿಸಿಯನ್ನು ಹೀರಿ ಹೊರಬಿಡುವ ಅಲ್ಯೂಮಿನಿಯಂ ರೆಕ್ಕೆಯ ಮೇಲೆ ಆಗಾಗ ಬೆರಳಿಟ್ಟು ನೋಡಿದಳು. ಹತ್ತು ಎಣಿಸುವವರೆಗೆ ಬೆರಳು ಆರಾಮವಾಗಿ ನಿಲ್ಲುತ್ತಿತ್ತು. ಯಂತ್ರ ನಾಯ್ಮಾರ್ಮೂಲೆಗೆ ಮರಳಿತು.

ಮರುದಿನ ಮಧ್ಯಾಹ್ನ ಗುಣಪಾಲನ ಫೋನು ಬಂತು. ಮತ್ತೆ ಅದೇ ವಾಸನೆ.

ಆನಿ ಬಸ್ಸು ಹತ್ತಿ ಹೋದಳು. ಕೂಲ್ ಬಾರಿನಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಅವರ ನಡುವೆ, ಆ ಕಟ್ಟಡಕ್ಕೆ ವಯರಿಂಗ್ ಮಾಡಿದ್ದ ಎಲೆಕ್ಟ್ರಿಷಿಯನ್ ಜನಾರ್ದನ ಕೈಕಟ್ಟಿ ನಿಂತಿದ್ದ.

“ಬಾಯಮ್ಮ, ಇದು ಟಿ.ವಿ. ಅಲ್ಲ. ನಿಮಗೆ ಬಗ್ಗುವ ಕೇಸಲ್ಲ ಇದು,” ಎಂದ.

ಯಾರೋ ನಕ್ಕರು. ಆನಿ ರೆಕ್ಕೆಯ ಮೇಲೆ ಬೆರಳಿಟ್ಟಳು. ಎರಡು ಎಣಿಸುವಷ್ಟರಲ್ಲಿ ಕಿತ್ತುಕೊಳ್ಳಬೇಕಾಯಿತು. ಅವಳ ಮುಖಕ್ಕೂ ಅಷ್ಟೇ ಬಿಸಿ ಏರಿತ್ತು. ಮೆಲ್ವಿನ್‌ಗೆ ಫೋನು ಮಾಡಿ ಜೀಪು ತರಿಸಿದಳು.

ಬದಿಯಡ್ಕಕ್ಕೆ ಬಂದ ಯಂತ್ರ ಮತ್ತೆ ತಣ್ಣಗಾಯಿತು. ಆನಿ ಒಂದೊಂದೇ ಕನೆಕ್ಟರು ಕಿತ್ತು, ದೀಪಗಳು ಹೆಚ್ಚು ಎಳೆಯುತ್ತಿವೆಯೋ, ಗಂಟೆಗಳೋ, ಫ್ಲಿಪ್ಪರುಗಳೋ ಎಂದು ಪರೀಕ್ಷಿಸಿದಳು. ಯಾವುದೂ ಹೆಚ್ಚು ಎಳೆಯುತ್ತಿರಲಿಲ್ಲ. ಹನ್ನೆರಡು ದಿನ, ಇಪ್ಪತ್ತು ದಿನ, ಯಂತ್ರ ಅವಳ ಕಣ್ಣೆದುರು ಒಳ್ಳೆಯ ಮಗುವಿನಂತೆ ನಡೆದುಕೊಂಡಿತು. ರಿಪೇರಿಯವಳಿಗೆ ಇದಕ್ಕಿಂತ ದೊಡ್ಡ ಸಂಕಟವಿಲ್ಲ. ಕೆಟ್ಟದ್ದು ಕಣ್ಣಿಗೆ ಬಿದ್ದರೆ ಹಿಡಿಯಬಹುದು, ಕೆಡದೇ ಇರುವುದನ್ನು ಹಿಡಿಯುವುದು ಹೇಗೆ? ಹಿಂದೆ ಕೊಟ್ಟುಬಿಡು ಎಂದು ಮೆಲ್ವಿನ್ ಮೆಲ್ಲಗೆ ಹೇಳಿನೋಡಿದ. ಊಟ ಬಡಿಸುತ್ತಿದ್ದ ಆನಿ ಸಾರಿನ ಸೌಟನ್ನು ಪಾತ್ರೆಗೆ ಸ್ವಲ್ಪ ಜೋರಾಗಿಯೇ ಹಾಕಿದಳು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಆನಿ ಯಾರದೋ ಟಿ.ವಿ.ಯ ಹಿಂಬದಿ ಬಿಚ್ಚುತ್ತಿದ್ದಾಗ ಮೂಗಿಗೆ ಆ ವಾಸನೆ ಬಡಿಯಿತು. ಬೇರೆ ಯಾರಾದರೂ ತಲೆಗೆ ಕೈಯಿಡುತ್ತಿದ್ದರೇನೋ, ಆನಿಗೆ ಕುಣಿಯುವಷ್ಟು ಸಂತೋಷವಾಯಿತು. ಓಡಿಹೋಗಿ ರೆಕ್ಕೆ ಮುಟ್ಟಿದಳು. ಸುಡುತ್ತಿತ್ತು. ಸ್ವಿಚ್ಚು ಆರಿಸಿ, ಅಲ್ಲೇ ನಿಂತು ಯೋಚಿಸಿದಳು. ನಿನ್ನೆ ಮೊನ್ನೆಗೂ ಇವತ್ತಿಗೂ ಏನು ವ್ಯತ್ಯಾಸ? ಯಂತ್ರ ಅದೇ, ಜಾಗ ಅದೇ. ಹೊರಗೆ ಮಳೆ. ಮಳೆ ಬಂದರೆ ಈ ಊರಿನಲ್ಲಿ ಏನಾಗುತ್ತದೆ? ತೋಟಗಳಿಗೆ ನೀರು ಬೇಕಾಗುವುದಿಲ್ಲ. ಸುತ್ತಲಿನ ನೂರಾರು ಪಂಪುಗಳು ನಿಲ್ಲುತ್ತವೆ.

ಅವಳು ಮೀಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದಳು. ಬೇಸಗೆಯುದ್ದಕ್ಕೂ ನೂರ ಎಪ್ಪತ್ತೈದು, ನೂರ ಎಂಬತ್ತು ಎಂದು ನರಳುತ್ತಿದ್ದ ಕರೆಂಟು ಈಗ ಇನ್ನೂರ ನಲವತ್ತೆರಡು ವೋಲ್ಟು ತೋರಿಸುತ್ತಿತ್ತು.

ಅಟ್ಟದ ಮೇಲೆ ಅಪ್ಪನ ಕಾಲದ ಸ್ಟೆಬಿಲೈಸರೊಂದಿತ್ತು, ಗುಬುಟು ತಿರುಗಿಸಿ ಕೈಯಾರೆ ವೋಲ್ಟೇಜು ಏರಿಸಿ ಇಳಿಸುವಂಥದ್ದು. ಅದನ್ನು ಇಳಿಸಿ ಧೂಳು ಒರೆಸಿ ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಸೇರಿಸಿದಳು. ಇನ್ನೂರಕ್ಕಿಂತ ಕೆಳಗೆ ಇಳಿಸಿ ಒಂದು ಗಂಟೆ ಓಡಿಸಿದಾಗ ರೆಕ್ಕೆ ಬೆಚ್ಚಗೆ ಮಾತ್ರ ಇತ್ತು. ಇನ್ನೂರ ನಲವತ್ತಕ್ಕೆ ಏರಿಸಿದರೆ ಇಪ್ಪತ್ತೇ ನಿಮಿಷದಲ್ಲಿ ವಾಸನೆ. ಮೂರು ಸಲ ಹಾಗೆ ಮಾಡಿದಳು, ಮೂರು ಸಲವೂ ಹಾಗೆಯೇ ಆಯಿತು. ಬೋರ್ಡಿನಲ್ಲೊಂದು ರೆಗ್ಯುಲೇಟರ್ ಇತ್ತು. ಎಷ್ಟು ಬಂದರೂ ಐದು ವೋಲ್ಟು ಮಾತ್ರ ಮುಂದೆ ಬಿಟ್ಟು, ಹೆಚ್ಚಾದದ್ದನ್ನು ಬಿಸಿಯಾಗಿ ಹೊರಹಾಕುವುದು ಅದರ ಕೆಲಸ. ಪಾಪ, ಅದು ತನ್ನ ಕೆಲಸವನ್ನು ಜೀವ ತೇಯ್ದು ಮಾಡುತ್ತಿತ್ತು. ತಪ್ಪು ಅದರದ್ದಲ್ಲ. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜನ್ನು ಯಾರೋ ಅದರ ಮೇಲೆ ಹೇರುತ್ತಿದ್ದರು.

ಹಾಗಾದರೆ ನೋಡಬೇಕಾದದ್ದು ಬೆನ್ನುಹಲಗೆಯನ್ನಲ್ಲ, ಮೇಜಿನ ಹೊಟ್ಟೆಯೊಳಗಿನ ಟ್ರಾನ್ಸ್‌ಫಾರ್ಮರನ್ನು. ಆನಿ ಗಾಜು ಸರಿಸಿ, ಆಟದ ಹಲಗೆಯನ್ನು ಎತ್ತಿ ಕೋಲು ಕೊಟ್ಟು ನಿಲ್ಲಿಸಿ, ಟಾರ್ಚು ಹಿಡಿದು ತಲೆಯನ್ನು ಒಳಗೆ ತೂರಿದಳು. ಯಾವ ದೇಶದಲ್ಲಿ ಎಷ್ಟು ವೋಲ್ಟೋ ಅದಕ್ಕೆ ತಕ್ಕಂತೆ ವಯರು ಕಟ್ಟುವ ಪಟ್ಟಿ ಅಲ್ಲಿತ್ತು. ಮೂವತ್ತು ವರ್ಷದ ಧೂಳಿನ ನಡುವೆ ಹೊಸ ಕರಿ ಟೇಪು ಸುತ್ತಿದ ಎರಡು ವಯರುಗಳು ಮಿರಮಿರ ಮಿಂಚುತ್ತಿದ್ದವು. ಅವುಗಳನ್ನು ಕಟ್ಟಿದ್ದದ್ದು ಇಲ್ಲಿಗೆ ಬೇಕಾದದ್ದಕ್ಕಿಂತ ಕೆಳಗಿನ ವೋಲ್ಟೇಜಿಗೆ. ಹಾಗಾಗಿ ಪೂರ್ತಿ ಕರೆಂಟು ಬಂದಾಗಲೆಲ್ಲ ಟ್ರಾನ್ಸ್‌ಫಾರ್ಮರು ಬೋರ್ಡಿಗೆ ಹೆಚ್ಚು ವೋಲ್ಟೇಜು ಕೊಡುತ್ತಿತ್ತು.

ಅವಳು ಗುಣಪಾಲನಿಗೆ ಫೋನು ಮಾಡಿದಳು.

“ಗುಣಪಾಲಣ್ಣ, ನಿಜ ಹೇಳಿ. ಇದರ ಅಡಿಗೆ ಯಾರಾದ್ರೂ ಕೈ ಹಾಕಿದ್ದುಂಟಾ?”

ಗುಣಪಾಲ, ಫೆಬ್ರವರಿಯಲ್ಲಿ ಸಂಜೆ ಹೊತ್ತು ವೋಲ್ಟೇಜು ತೀರಾ ಕಡಿಮೆಯಾಗಿ ಫ್ಲಿಪ್ಪರುಗಳು ಗುಂಡನ್ನು ಮೇಲೆ ತಳ್ಳುತ್ತಲೇ ಇರಲಿಲ್ಲ, ಬಲ ಬರಲಿ ಎಂದು ಜನಾರ್ದನ ಎಂಥದೋ ವಯರು ಬದಲಿಸಿಕೊಟ್ಟಿದ್ದ ಎಂದ. ಅದಾದ ಮೇಲೆ ಸಂಜೆಯ ಆಟ ಚೆನ್ನಾಗಿತ್ತು. ನಾಯ್ಮಾರ್ಮೂಲೆಯಲ್ಲಿ ಹಗಲು ಹೊತ್ತು ಪೂರ್ತಿ ವೋಲ್ಟೇಜು ಬರುವಾಗ ಬೋರ್ಡು ಬೇಯುತ್ತಿತ್ತು. ಬಿಸಿಗೂ ಆ ವಯರಿಗೂ ಸಂಬಂಧವಿದ್ದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಆನಿ ವಯರುಗಳನ್ನು ಸರಿಯಾದ ಜಾಗಕ್ಕೆ ಬೆಸೆದಳು. ಪೂರ್ತಿ ವೋಲ್ಟೇಜಿನಲ್ಲಿ, ಜಡಿಮಳೆಯ ನಡುವೆ, ಐದು ದಿನ ಒಂದೇ ಸಮನೆ ಓಡಿಸಿದಳು. ರೆಕ್ಕೆಯ ಮೇಲೆ ಬೆರಳಿಟ್ಟು ನೂರರವರೆಗೆ ಎಣಿಸಿದಳು.

ಯಂತ್ರವನ್ನು ನಾಯ್ಮಾರ್ಮೂಲೆಯಲ್ಲಿ ಇಳಿಸಿದ ದಿನ ಕೂಲ್ ಬಾರಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಆನಿ ಬೆಳಿಗ್ಗೆ ಹತ್ತಕ್ಕೆ ಚಾಲೂ ಮಾಡಿ, ಸಂಜೆ ನಾಲ್ಕರವರೆಗೆ ಅಲ್ಲಿಯೇ ಕೂತಳು. ನಾಲ್ಕಕ್ಕೆ ಜನಾರ್ದನನನ್ನು ಕರೆದು ರೆಕ್ಕೆ ಮುಟ್ಟಿನೋಡಲು ಹೇಳಿದಳು. ಅವನು ಮುಟ್ಟಿದ. ಕೈ ತೆಗೆಯಲಿಲ್ಲ.

“ಎಂತ ಮಾಡಿದ್ರಿ ಬಾಯಮ್ಮ?” ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಅಷ್ಟು ಜನರ ಎದುರಿಗೆ, ಕೆಡಿಸಿದ್ದು ನೀವೇ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಆನಿಗೆ ಆ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ಆದರೆ ಅವಳು ಅವನನ್ನು ಯಂತ್ರದ ಪಕ್ಕಕ್ಕೆ ಕರೆದು, ಪಟ್ಟಿಯ ವಯರು ತೋರಿಸಿ, ಬೇಸಗೆಯ ವೋಲ್ಟೇಜಿಗೆ ನೀವು ಮಾಡಿದ್ದು ಸರಿಯೇ ಇತ್ತು, ವೋಲ್ಟೇಜು ಏರಿದಾಗ ಅದೇ ಮುಳುವಾಯಿತು ಎಂದು ವಿವರಿಸಿದಳು. ಬರುವ ಬೇಸಗೆಗೆ ಒಂದು ಸ್ಟೆಬಿಲೈಸರ್ ಇಡಬೇಕು, ಅದನ್ನು ನೀವೇ ಕೂರಿಸಿಕೊಡಿ ಎಂದಳು. ಜನಾರ್ದನ ಎಲ್ಲರ ಕಡೆ ತಿರುಗಿ, ಈ ಕೆಲಸ ತನ್ನಿಂದ ಆಗುವಂಥದ್ದಾಗಿರಲಿಲ್ಲ ಎಂದು ತಾನಾಗಿಯೇ ಹೇಳಿದ.

ಗುಣಪಾಲ ಆನಿಯನ್ನು ಆಡಲು ನಿಲ್ಲಿಸಿದ. ಮೊದಲ ಗುಂಡು ಎರಡು ಕ್ಷಣದಲ್ಲಿ ಕೆಳಗೆ ಬಿತ್ತು. ಮೂರನೆಯದನ್ನು ಅವಳು ಹನ್ನೊಂದು ನಿಮಿಷ ಬೀಳಲು ಬಿಡಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ದೀಪಗಳ ನಡುವೆ ಆ ಉಕ್ಕಿನ ಗುಂಡನ್ನು ಅಟ್ಟಾಡಿಸುತ್ತಿದ್ದ ಹೆಂಡತಿಯನ್ನು ಮೆಲ್ವಿನ್ ಬಾಗಿಲಲ್ಲಿ ನಿಂತು ನೋಡಿದ. ಬದಿಯಡ್ಕದಲ್ಲಿ ಕುಂಬ್ಡಾಜೆಯ ಪ್ರಯಾಣಿಕರು ಜೀಪಿಗಾಗಿ ಕಾಯುತ್ತಿರುವುದೇ ಅವನಿಗೆ ಮರೆತುಹೋಗಿತ್ತು.

ಯಂತ್ರ ಆಮೇಲೆ ಒಂಬತ್ತು ವರ್ಷ ಓಡಿತು. ಅಷ್ಟರಲ್ಲಿ ಹಳೆಯ ಡಬ್ಬಿ ಟಿ.ವಿ.ಗಳು ಹೋಗಿ, ಪೇಟೆಯ ಎಷ್ಟೋ ರಿಪೇರಿ ಅಂಗಡಿಗಳು ಮೊಬೈಲ್ ಕವರು ಮಾರತೊಡಗಿದವು. ಆನಿಯ ಅಂಗಡಿಗೆ ಮಾತ್ರ, ಬೇರೆ ಯಾರೂ ಮುಟ್ಟದ ಸಾಮಾನುಗಳು ದೂರದಿಂದ ಬರತೊಡಗಿದವು. ಮುದ್ರಣಾಲಯದ ಕಟಿಂಗ್ ಮೆಷಿನು, ಇಗರ್ಜಿಯ ಹಳೆಯ ಆರ್ಗನ್ನು. ಒಮ್ಮೆ ಪೆರ್ಲದಿಂದ ಒಬ್ಬ ದಂತವೈದ್ಯರ ಕುರ್ಚಿ ಬಂದಿತ್ತು, ಮೇಲೆ ಏರುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಎರಡನೆಯ ದಿನ ಇಳಿಯಿತು.