ಕರೆವ್ವನ ಕಣ್ಣಿನ ಕಾಡಿಗೆ

ನಿವೃತ್ತಿಯಾದ ಮೇಲೆ ನೆಮ್ಮದಿಯಾಗಿರಬಹುದೆಂದು ಜಿಗಣಿಯಲ್ಲಿ ಮನೆ ಕಟ್ಟಿಸಿದೆ. ಗೃಹಪ್ರವೇಶದ ಹೋಳಿಗೆ ಕರಗುವ ಮೊದಲೇ ಪಕ್ಕದ ಖಾಲಿ ಜಾಗಕ್ಕೆ ಮುನಿಯಣ್ಣ ಎಂಬಾತ ಕುದುರೆಗಳನ್ನು ತಂದು ಕಟ್ಟಿದ. ನೊಣ, ಲದ್ದಿಯ ವಾಸನೆ, ಬೆಳಗಾದರೆ ಕೆನೆತ. ಜೀವಮಾನವೆಲ್ಲ ಸರ್ಕಾರಿ ಕಾರ್ಖಾನೆಯ ಲೇತ್ ಯಂತ್ರಗಳ ಸದ್ದು ಸಹಿಸಿದವನು ಇದನ್ನು ಸಹಿಸಲಾರದೆ ಆಗಾಗ ಜಗಳಕ್ಕೆ ಹೋಗುತ್ತಿದ್ದೆ. ಹೋದಾಗಲೆಲ್ಲ ಎದುರಾಗುತ್ತಿದ್ದವಳು ಲಾಯದ ಕೆಲಸದ ಬಸಕ್ಕ.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ, ಈಗ ಬಳದ ಬಿಡ್ತೀನಿ" ಎನ್ನುವಳು. ಬಳಿದದ್ದರಲ್ಲಿ ಒಂದು ಬುಟ್ಟಿಯನ್ನು ನನ್ನ ಗುಲಾಬಿ ಗಿಡಗಳ ಬುಡಕ್ಕೆ ಹಾಕಿ ಹೋಗುವಳು. ಗುಲಾಬಿ ಸೊಂಪಾಗಿ ಬಂದವು, ನನ್ನ ಜಗಳ ಸೊರಗಿತು. ನನ್ನ ಹೆಂಡತಿ ಸುಬ್ಬಲಕ್ಷ್ಮಿ ಇದನ್ನು ಇಂದಿಗೂ ಆಡಿಕೊಂಡು ನಗುತ್ತಾಳೆ.

ಬಸಕ್ಕ ಕೊಪ್ಪಳದ ಕಡೆಯವಳು. ಎಲೆಕ್ಟ್ರಾನಿಕ್ ಸಿಟಿಯ ಮೇಲುರಸ್ತೆ ಕಟ್ಟುವಾಗ ಗಂಡ ಮುದಕಪ್ಪನ ಜೊತೆ ಕಾಂಕ್ರೀಟ್ ಹೊರಲು ಬಂದವಳು. ರಸ್ತೆಯ ಕೆಲಸ ಮುಗಿದ ಮೇಲೆ ಗಂಡನಿಗೆ ಗ್ರಾನೈಟ್ ಕಾರ್ಖಾನೆ ಸಿಕ್ಕಿತು, ಇವಳಿಗೆ ಲಾಯ ಸಿಕ್ಕಿತು. ಕುದುರೆಯನ್ನು ಅದಕ್ಕೆ ಮೊದಲು ಮುಟ್ಟಿದವಳೇ ಅಲ್ಲ. ಆದರೆ ಕಂಡಕಂಡವರನ್ನು ಒದೆಯುತ್ತಿದ್ದ ಮೋತಿ ಎಂಬ ಬಿಳಿ ಕುದುರೆ ಇವಳ ಕೈಗೆ ಮಾತ್ರ ಮೂತಿ ಒಡ್ಡಿತು. ಮುನಿಯಣ್ಣ ಅಂದೇ ಅವಳನ್ನು ಇಟ್ಟುಕೊಂಡ.

ಮುನಿಯಣ್ಣನದು ಮದುವೆ ಮೆರವಣಿಗೆಗೆ ಕುದುರೆ ಕೊಡುವ ಕಸುಬು. ವೈಟ್‌ಫೀಲ್ಡು, ಮಹದೇವಪುರದ ಕಡೆ ಕೆಲಸಕ್ಕಿರುವ ಉತ್ತರ ಭಾರತದ ಹುಡುಗರು ಮದುವೆಗೆ ಕುದುರೆ ಏರಿಯೇ ಬರಬೇಕು. ಅದು ಬಿಳಿಯದೇ ಆಗಬೇಕು, ಹೆಣ್ಣೇ ಆಗಬೇಕು. ಅವನು ಯಾವಾಗಲೂ ಬೆಳೆದು ಬೆಳ್ಳಗಿರುವ ಕುದುರೆಯನ್ನೇ ಕೊಂಡು ತರುತ್ತಿದ್ದ. ಮನೆಯಲ್ಲೇ ಒಂದು ಮರಿಯಾಗಲೆಂದು ಮೊದಲ ಸಲ ಆಸೆಪಟ್ಟು, ಬನ್ನೇರುಘಟ್ಟದ ಕಡೆ ಸವಾರಿ ಕಲಿಸುವವರ ಕಂದು ಗಂಡು ಕುದುರೆಯ ಜೊತೆ ಮೋತಿಯನ್ನು ಬಿಟ್ಟ. ತಾಯಿ ಬೆಳ್ಳಗಿದ್ದರೆ ಸಾಕು ಎಂಬುದು ಅವನ ಲೆಕ್ಕ. ಹೆಣ್ಣು ಮರಿಯೇ ಹುಟ್ಟಿತು. ಬಣ್ಣ ಮಾತ್ರ ಗಾಢ ಕಂದು.

"ನೋಡಿ ಸಾರ್, ಆಲಿನಂಗಿರೋಳ ಒಟ್ಟೇಲಿ ಡಿಕಾಕ್ಷನ್ ಉಟ್ಟೈತೆ!" ಎಂದು ನನ್ನನ್ನೇ ಕರೆದು ಗೋಳಾಡಿದ. "ಇದನ್ನ ಕಟ್ಕೊಂಡು ಏನ್ ಮಾಡ್ಲಿ? ಮದ್ವೆಗೆ ಕಳ್ಸಿದ್ರೆ ಗಂಡಿನ ಅಜ್ಜಿ ನನ್ನೇ ಒದ್ದು ಓಡಿಸ್ತಾಳೆ."

ಬಸಕ್ಕ ಮರಿಗೆ ಕರೆವ್ವ ಎಂದು ಹೆಸರಿಟ್ಟಳು. ಅದು ಅವಳ ಸೆರಗನ್ನು ಜಗಿಯುತ್ತ ಲಾಯವೆಲ್ಲ ಅವಳ ಹಿಂದೆಯೇ ಸುತ್ತುತ್ತಿತ್ತು. ಹಾಲು ಬಿಟ್ಟ ಕೂಡಲೇ ಮಾರುವುದೆಂದು ಮುನಿಯಣ್ಣ ತೀರ್ಮಾನಿಸಿದ. ಮೊದಲು ಕೇಳಿ ಬಂದವನು ಹೊಸೂರಿನ ಕಡೆ ಇಟ್ಟಿಗೆ ಗೂಡಿನವನು. ಬಸಕ್ಕ ಅತ್ತಳು. "ಹೊರೂ ಕಷ್ಟ ನಾ ಬಲ್ಲೆನ್ರಿ ಮಾಲಕರ, ಆಕಿನ್ನ ಅಲ್ಲಿಗೆ ಕಳಸಬ್ಯಾಡ್ರಿ." ಮುನಿಯಣ್ಣ ಬಾಯಿ ಬಡುಕನೇ ಹೊರತು ಕಟುಕನಲ್ಲ. ಆನೇಕಲ್ಲಿನ ಹತ್ತಿರ ತೋಟದ ಮನೆ ಇರುವ ಒಬ್ಬರನ್ನು ಹುಡುಕಿದ. ಅವರ ಮಕ್ಕಳು ಸವಾರಿ ಕಲಿಯುತ್ತಿದ್ದರು, ಮನೆಯಲ್ಲಿದ್ದ ಕಂದು ಕುದುರೆಗೆ ಜೋಡಿಯಾಗಿ ಇನ್ನೊಂದು ಕಂದು ಮರಿ ಬೇಕಿತ್ತು. ಅವರು ಒಲ್ಲೆ ಎಂದರೆ ಮರಿ ಗೂಡಿಗೇ ಹೋಗುವುದು ಎಂದು ಬಸಕ್ಕನಿಗೆ ಖಡಾಖಂಡಿತವಾಗಿ ಹೇಳಿದ.

ಆ ದಿನಗಳಲ್ಲೇ ಬಸಕ್ಕ ಮರಿಯ ಕಣ್ಣಿಗೆ ಕಾಡಿಗೆ ಹಚ್ಚತೊಡಗಿದಳು. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ತಾನೇ ಮಾಡಿದ ಕಾಡಿಗೆ. ದಿನ ಬೆಳಗಾದರೆ ಮುಖ ತೊಳೆಸಿ, ಕಣ್ಣಿನ ಸುತ್ತ ದಪ್ಪಗೆ ತೀಡುವಳು.

"ಏನಮ್ಮ, ನಾಳೆ ಜಡೆ ಹೆಣೆದು ಹೂವನ್ನೂ ಮುಡಿಸ್ತೀಯೇನು?" ಎಂದು ನಾನು ರೇಗಿಸಿದೆ.

"ದೃಷ್ಟಿ ತಾಗಬಾರದಂತ ಹಚ್ಚೀನ್ರಿ" ಎಂದಳು. ಕೂಸಿಗೆ ಹಚ್ಚಿದ ಹಾಗೆ ಹಚ್ಚುತ್ತಿದ್ದಾಳೆ ಎಂದು ಎಲ್ಲರೂ ನಂಬಿದೆವು. ನಿಜ ಸಂಗತಿ ಬೇರೆ ಇತ್ತು. ಮರಿಯ ಕಣ್ಣಿನ ಸುತ್ತ ಬಿಳಿ ಕೂದಲು ಹುಟ್ಟತೊಡಗಿದ್ದವು. ಅದು ತೊನ್ನು ಎಂದೇ ಅವಳು ತಿಳಿದಳು. ಕಂಡರೆ ತೋಟದ ಮನೆಯವರು ಮುಟ್ಟುವುದಿಲ್ಲ, ಮರಿ ಗೂಡಿನ ಪಾಲು. ಅದಕ್ಕೇ ಯಾರಿಗೂ ಹೇಳದೆ ಮುಚ್ಚಿಡುತ್ತಿದ್ದಳು. ಕೊಳ್ಳುವವರು ನೋಡಿ ಒಪ್ಪುವವರೆಗೆ ಮುಚ್ಚಿದ್ದರೆ ಸಾಕಿತ್ತು.

ಕೊಳ್ಳುವ ಮೊದಲು ಮರಿಯನ್ನು ಪರೀಕ್ಷಿಸಲು ತೋಟದ ಮನೆಯವರು ಪಶುವೈದ್ಯೆ ರಂಜನಿಯವರನ್ನು ಕಳಿಸಿದರು. ನಾನೂ ಬೇಲಿಯ ಹತ್ತಿರ ಹೋಗಿ ನಿಂತೆ. ಡಾಕ್ಟರು ಹಲ್ಲು, ಕಾಲು, ಗೊರಸು ನೋಡಿ, ಆಮೇಲೆ ಮೋತಿಯ ಮೂತಿಯನ್ನು ಹಿಡಿದು ಬಹಳ ಹೊತ್ತು ನೋಡಿದರು.

"ಇದು ಹುಟ್ಟಿದಾಗಲೇ ಬೆಳ್ಳಗಿದ್ದ ಕುದುರೆ ಅಲ್ಲ ಮುನಿಯಣ್ಣ. ಮೂತಿಯ ಚರ್ಮ ನೋಡಿ, ಕಪ್ಪು. ಹುಟ್ಟು ಬಿಳಿಯಾಗಿದ್ರೆ ಚರ್ಮ ಗುಲಾಬಿ ಇರುತ್ತೆ. ಇದೂ ಚಿಕ್ಕದರಲ್ಲಿ ಕಂದೋ ಕಪ್ಪೋ ಇದ್ದು, ಬರ್ತಾ ಬರ್ತಾ ನರೆತಿದೆ."

ಮುನಿಯಣ್ಣ ಬಾಯಿ ಬಿಟ್ಟುಕೊಂಡು ನಿಂತ. "ಅಂಗಾದ್ರೆ ಮರೀನೂ ಬೆಳ್ಳಗಾಯ್ತದಾ ಮೇಡಂ?"

"ಅದನ್ನೇ ನೋಡ್ಬೇಕು. ಅವರಿಗೆ ಬೇಕಿರೋದು ಕಂದಾಗೇ ಉಳಿಯೋ ಮರಿ. ಕೂದಲು ನರೆಸೋ ಜೀನ್ ಅಂತ ಒಂದಿದೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದ್ರೂ ಸಾಕು, ಮರಿ ನರೆಯುತ್ತೆ. ಅದು ಒಳಗೆ ಅಡಗಿ ಕೂರಲ್ಲ. ಅಪ್ಪನ ಹತ್ರ ಇದ್ದಿದ್ರೆ ಅವನೂ ಬೆಳ್ಳಗಾಗ್ತಿದ್ದ, ಅವನು ಕಂದು, ಅಂದ್ರೆ ಅವನಲ್ಲಿ ಇಲ್ಲ. ಅಮ್ಮನಲ್ಲಿ ಇದೆ. ಅವಳ ಹತ್ರ ಒಂದೇ ಇದ್ರೆ ಮರಿಗೆ ಬರೋದು ಅರ್ಧಕ್ಕರ್ಧ. ಬಂದಿದ್ರೆ ಈ ವಯಸ್ಸಿಗೆ ಕಣ್ಣಿನ ಸುತ್ತ ಬಿಳಿ ಕೂದಲು ಶುರುವಾಗಿರುತ್ತೆ."

ಅವರು ಬಗ್ಗಿ ಮರಿಯ ಕಣ್ಣು ನೋಡಿದರು. ಅವತ್ತು ತೆಳುವಾಗಿ ತೀಡಿದ್ದ ಕಾಡಿಗೆ ಹುಟ್ಟು ಬಣ್ಣದ ಹಾಗೆಯೇ ಕೂದಲಿಗೆ ಹಿಡಿದಿತ್ತು. ದಿನಾ ನೋಡಿ ರೂಢಿಯಾಗಿದ್ದ ನಮಗೂ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. "ಇಲ್ಲ, ಕಣ್ಣಿನ ಸುತ್ತ ಕಪ್ಪಗೇ ಇದೆ. ಇದು ಕಂದಾಗೇ ಉಳಿಯುತ್ತೆ" ಎಂದರು.

"ಬೆಳ್ಳಗಾಗೋದಾಗಿದ್ರೆ ನಾನ್ಯಾಕೆ ಮಾರ್ತಿದ್ದೆ" ಎಂದು ಮುನಿಯಣ್ಣ ನಿಟ್ಟುಸಿರು ಬಿಟ್ಟ.

ಹಗ್ಗ ಹಿಡಿದಿದ್ದ ಬಸಕ್ಕನ ಮುಖ ಬಿಳಿಚಿಕೊಂಡಿತು. ಅವಳಿಗೆ ಆಗ ಹೇಗಾಗಿರಬೇಕೆಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಸುಮ್ಮನಿದ್ದರೆ ಮರಿ ಒಳ್ಳೆಯ ಮನೆಗೆ ಹೋಗುತ್ತಿತ್ತು. ಒರೆಸಿ ತೋರಿಸಿ, ಅದು ತೊನ್ನೇ ಆಗಿದ್ದರೆ, ಎಲ್ಲವೂ ಹೋಗುತ್ತಿತ್ತು. ಡಾಕ್ಟರು ಚೀಲ ಹೆಗಲಿಗೇರಿಸಿದರು. ಬಸಕ್ಕ ಸೆರಗಿನ ತುದಿಗೆ ಉಗುಳು ಹಚ್ಚಿ, ಮರಿಯ ಕಣ್ಣನ್ನು ತಿಕ್ಕಿ ತಿಕ್ಕಿ ಒರೆಸಿದಳು.

"ಅಕ್ಕಾರ, ಇದ ಏನ್ರಿ ನೀವು ಅಂದಿದ್ದು? ಇದು ರೋಗ ಅಲ್ಲೇನ್ರಿ?"

ಮಸಿಯ ನಡುವೆ ಬಿಳಿ ಕೂದಲು ಬಳೆಯ ಹಾಗೆ ಕಾಣಿಸಿತು. ಡಾಕ್ಟರು ಕೂದಲು ಸರಿಸಿ ಅಡಿಯ ಚರ್ಮ ನೋಡಿದರು. ಅದು ಕಪ್ಪಗೇ ಇತ್ತು. "ತೊನ್ನಾಗಿದ್ರೆ ಚರ್ಮದ ಬಣ್ಣ ಹೋಗ್ತಿತ್ತು. ಇದು ಅಮ್ಮ ಕೊಟ್ಟ ಬಣ್ಣ. ಇವಳು ಬೆಳ್ಳಗಾಗ್ತಾಳೆ ಮುನಿಯಣ್ಣ" ಎಂದು ನಕ್ಕರು. "ತೋಟದವರಿಗೆ ನಾನೇ ಹೇಳ್ತೀನಿ, ಅವರಿಗೆ ಬೇರೆ ಮರಿ ನೋಡೋಣ."

ಮುನಿಯಣ್ಣನಿಗೆ ಸಂತೋಷ, ಸಿಟ್ಟು ಒಟ್ಟಿಗೇ ಬಂತು. "ನಂಗೆ ಒಂದ್ ಮಾತು ಯೋಳ್ಬಾರ್ದಾ? ಮಸಿ ಬಳ್ದು ಕೂತಿದ್ದೀಯಲ್ಲ!"

ಬಸಕ್ಕ ಮರಿಯ ಕುತ್ತಿಗೆಯನ್ನು ತಬ್ಬಿಕೊಂಡು ಅಳುತ್ತಲೇ ಹೇಳಿದಳು. "ನಮ್ಮ ಅಕ್ಕಗ ಹಿಂಗs ಕಣ್ಣಿನ ಸುತ್ತ ಬಿಳಿ ಬಂತ್ರಿ. ಗಂಡನ ಮನಿಯವರು ತಂದು ಬಿಟ್ಟ ಹ್ವಾದ್ರು. ಈಕಿಗೂ ಹಂಗಾಗಬಾರದಂತ..." ಮುಖ ಒರೆಸಿಕೊಂಡು ಡಾಕ್ಟರ ಕಡೆ ತಿರುಗಿದಳು. "ಮನಶ್ಯಾರದು ಅಂಟತೈತೇನ್ರಿ?"

"ಇಲ್ಲಮ್ಮ, ಅಂಟಲ್ಲ. ಜೊತೇಲಿ ಉಂಡ್ರೂ ಮಲಗಿದ್ರೂ ಅಂಟಲ್ಲ."

ಬಸಕ್ಕ ಇನ್ನೊಮ್ಮೆ ಕೇಳಿದಳು. ಅವರು ಬೇಸರಿಸದೆ ಇನ್ನೊಮ್ಮೆ ಹೇಳಿದರು. ಆ ತಾಯಿ ತಣ್ಣಗಿರಲಿ.

ಕರೆವ್ವ ಪೂರ್ತಿ ಬೆಳ್ಳಗಾಗಲು ವರ್ಷಗಳೇ ಹಿಡಿದವು. ನಡುವೆ ಬೂದಿಯಾದಳು, ಮೈತುಂಬ ಚುಕ್ಕೆಯಾದಳು, ಕೊನೆಗೆ ಮೊದಲ ಮದುವೆಗೆ ಹೊರಟಾಗ ನಮ್ಮ ಬೀದಿಯೆಲ್ಲ ನಿಂತು ನೋಡಿತು. ಮುನಿಯಣ್ಣ ಅವತ್ತು ರಂಜನಿ ಡಾಕ್ಟರಿಗೆ ಫೋನ್ ಮಾಡಿ ಅತ್ತೇ ಬಿಟ್ಟ.

ಮಹಾದೇವಿ ಎಂಬ ಆ ಅಕ್ಕನನ್ನು ಕರೆತರಲು ಮಾತ್ರ ಬಸಕ್ಕ ಅಷ್ಟು ತಡ ಮಾಡಲಿಲ್ಲ. ಡಾಕ್ಟರು ಬಂದುಹೋದ ಆ ವಾರವೇ ಊರಿಗೆ ಹೋದಳು. ಅಕ್ಕ ಬಂದ ದಿನ ನಾವು ಗಂಡಹೆಂಡತಿ ನೋಡಲು ಬಸಕ್ಕನ ಮನೆಗೆ ಹೋದೆವು. ಮಹಾದೇವಿ ಬಾಗಿಲ ಹೊರಗೆ, ಊರಿಂದ ತಂದಿದ್ದ ತನ್ನದೇ ತಾಟು ಇಟ್ಟುಕೊಂಡು ಕೂತಿದ್ದಳು. ಬಸಕ್ಕ ಅವಳನ್ನು ಕೈ ಹಿಡಿದು ಒಳಗೆ ಕೂರಿಸಿಕೊಂಡಳು. ರೊಟ್ಟಿ, ಪಲ್ಯ ಒಂದೇ ತಾಟಿಗೆ ಬಡಿಸಿದಳು. ಮಹಾದೇವಿ ಕೈ ಹಿಂದಕ್ಕೆ ಎಳೆದುಕೊಂಡಳು.

"ನೀನs ಉಣ್ಣಸು ಯಕ್ಕಾ" ಎಂದು ಬಸಕ್ಕ ಬಾಯಿ ತೆರೆದು ಕಾದಳು. ಬಹಳ ಹೊತ್ತೇ ಕಾದಳು. ಮಹಾದೇವಿ ರೊಟ್ಟಿ ಮುರಿದಳು.